ಹುಳುವಿನ ಹೆಸರನ್ನೂ ಹೇಳುವ ಪ್ರಾರ್ಥನೆಗಳು

ಪ್ರಶ್ನೆ: ನಾನು ಅಡಿಕೆ ಸೀಮೆಯ ಪ್ರೌಢಶಾಲೆಯೊಂದರ ಶಿಕ್ಷಕಿ. ಕಥೆ, ಕವಿತೆ ಬರೆಯುವ ಹವ್ಯಾಸವಿದೆ. ಯಹೂದಿಗಳಲ್ಲಿ ಮರಗಳಿಗೆಂದೇ ಒಂದು ಹೊಸ ವರ್ಷವಿದೆ ಎಂದು ಓದಿದಾಗಿನಿಂದ, ಅವರ ಹಬ್ಬಗಳಲ್ಲಿ ಓದುವ ಪಠ್ಯಗಳನ್ನು ಆಧಾರವಾಗಿಟ್ಟುಕೊಂಡು ಪರಿಸರದ ಬಗ್ಗೆ ಬರೆಯಬೇಕೆಂಬ ಆಸೆ ಹುಟ್ಟಿದೆ. ಆದರೆ ಬರೆದದ್ದೆಲ್ಲ ಕೊನೆಗೆ ‘ಮರ ಉಳಿಸಿ’ ಎಂಬ ಭಾಷಣವಾಗಿ ಮುಗಿಯುತ್ತದೆ. ನಾನು ಯಹೂದಿಯಲ್ಲ, ಹೀಬ್ರೂ ಬಾರದು. ಇದಕ್ಕೆ ಕೈಹಾಕುವುದು ಸರಿಯೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಧಾರಾಳವಾಗಿ ಬರೆಯಿರಿ. ಹೀಬ್ರೂ ಬಾರದಿರುವುದು ದೊಡ್ಡ ಅಡ್ಡಿಯಲ್ಲ. ಹಬ್ಬಗಳಲ್ಲಿ ಓದುವ ಮೂಲ ಗ್ರಂಥಗಳು ಕನ್ನಡ ಬೈಬಲಿನ ಹಳೆಯ ಒಡಂಬಡಿಕೆಯಲ್ಲೇ ಇವೆ. ಯಹೂದಿ ಧರ್ಮನಿಯಮಗಳ ಹಳೆಯ ಸಂಕಲನವಾದ ಮಿಷ್ನಾ, ಅದರ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್‌ಗಳ ಇಂಗ್ಲಿಷ್ ಅನುವಾದ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ತೊಡಕು ಇರುವುದು ಬೇರೆ ಕಡೆ. ಪರಿಸರ ಎಂಬ ವಿಷಯವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ನೀವು ಪಠ್ಯದೊಳಗೆ ಹೋಗುತ್ತಿದ್ದೀರಿ, ಅದಕ್ಕೆ ಒಪ್ಪುವ ಒಂದು ಸಾಲು ಸಿಕ್ಕಿದೊಡನೆ ಹೊರಗೆ ಬರುತ್ತಿದ್ದೀರಿ. ಹಾಗೆ ತಂದ ಸಾಲು ಭಾಷಣಕ್ಕೆ ಒದಗುತ್ತದೆ, ಕಥೆಗೆ ಒದಗುವುದಿಲ್ಲ. ಈ ಹಬ್ಬಗಳ ಪಠ್ಯಗಳಲ್ಲಿ ನಿಸರ್ಗ ಕಾಣಿಸಿಕೊಳ್ಳುವುದು ಲೆಕ್ಕಾಚಾರದ ನಡುವೆ. ಯಾವ ಊರಿಗೆ ಯಾವ ತಿಂಗಳಲ್ಲಿ ಮಳೆ ಬೇಕು, ಯಾವ ಬೆಳೆಗೆ ಯಾವ ಕೀಟ ಬೀಳುತ್ತದೆ, ಉಗ್ರಾಣದ ಅಂಜೂರವನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬಹುದು ಎಂಬಂಥ ಮಾತುಗಳಲ್ಲಿ. ನಿಮ್ಮ ಕಥೆಯೂ ಅಲ್ಲಿಂದಲೇ ಹುಟ್ಟಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಉಳಿದದ್ದೆಲ್ಲ ಇದರ ವಿವರಣೆ.

ನೀವು ಓದಿದ ಮರಗಳ ಹೊಸ ವರ್ಷವನ್ನೇ ತೆಗೆದುಕೊಳ್ಳಿ. ಅದರ ಹೆಸರು ಟು ಬಿಶ್ವಾತ್, ಅಂದರೆ ಶ್ವಾತ್ ತಿಂಗಳ ಹದಿನೈದನೆಯ ದಿನ. ನಮ್ಮ ಜನವರಿ ಅಥವಾ ಫೆಬ್ರುವರಿಯಲ್ಲಿ ಬೀಳುತ್ತದೆ. ಸುಮಾರು 1800 ವರ್ಷಗಳ ಹಿಂದೆ ಸಂಕಲನಗೊಂಡ ಮಿಷ್ನಾದ ‘ರೋಶ್ ಹಶಾನಾ’ ಭಾಗದ ಮೊದಲ ಸಾಲುಗಳೇ ನಾಲ್ಕು ಹೊಸ ವರ್ಷಗಳನ್ನು ಹೆಸರಿಸುತ್ತವೆ. ಮರಗಳದ್ದು ಯಾವಾಗ ಎಂಬ ಭಿನ್ನಾಭಿಪ್ರಾಯವೂ ಅಲ್ಲೇ ದಾಖಲಾಗಿದೆ: ಶಮ್ಮಾಯ್ ಪರಂಪರೆಯವರು ಶ್ವಾತ್ ಒಂದು ಎನ್ನುತ್ತಾರೆ, ಹಿಲ್ಲೆಲ್ ಪರಂಪರೆಯವರು ಹದಿನೈದು ಎನ್ನುತ್ತಾರೆ. ಈ ವಾದವೆಲ್ಲ ಹಣ್ಣಿನ ದಶಮಾಂಶದ, ಅಂದರೆ ಧರ್ಮಕ್ಕೆ ಮೀಸಲಿಡುವ ಹತ್ತನೆಯ ಒಂದು ಪಾಲಿನ ಲೆಕ್ಕಕ್ಕಾಗಿ. ಈ ದಿನ ದಾಟುವ ಮೊದಲಿನ ಫಸಲು ಹಳೆಯ ವರ್ಷದ ಖಾತೆಗೆ, ಆಮೇಲಿನದು ಹೊಸದರ ಖಾತೆಗೆ. ಈ ದಿನವೇ ಏಕೆ ಎಂದರೆ, ಆ ಹೊತ್ತಿಗೆ ವರ್ಷದ ಮಳೆಯ ಹೆಚ್ಚಿನ ಪಾಲು ಬಿದ್ದಾಗಿರುತ್ತದೆ ಎಂದು ತಾಲ್ಮುದ್ ಕಾರಣ ಕೊಡುತ್ತದೆ. ಬೇರಿಗೆ ಇಳಿದ ನೀರು ಧರ್ಮದ ಖಾತೆಪುಸ್ತಕದ ದಿನಾಂಕವನ್ನು ನಿರ್ಧರಿಸಿತು! ‘ಮರ ನಮ್ಮ ತಾಯಿ’ ಎಂಬ ನೂರು ಸಾಲುಗಳಲ್ಲಿ ಇಲ್ಲದ ಬಲ ಈ ಒಂದು ವಿವರದಲ್ಲಿದೆ. ಬಾದಾಮಿ ಹೂಬಿಡುತ್ತಿರುವ ಚಳಿಯ ಬೆಳಗಿನಲ್ಲಿ, ಒಂದು ಕೊಂಬೆಯ ಕಾಯಿ ಯಾವ ವರ್ಷದ್ದು ಎಂದು ತೋಟದವನೂ ಲೆಕ್ಕದವನೂ ಚರ್ಚಿಸುತ್ತಾ ನಿಂತರೆ, ನಿಮಗೆ ಪಾತ್ರಗಳೂ ಸಿಕ್ಕಿದವು, ಸಂಘರ್ಷವೂ ಸಿಕ್ಕಿತು.

ಈ ಲೆಕ್ಕದ ದಿನ ಆಚರಣೆಯಾಗಿ ಅರಳಿದ್ದು ಬಹಳ ತಡವಾಗಿ. ಗಲಿಲಾಯದ ಸಫೇದ್ ಪಟ್ಟಣದ ಅನುಭಾವಿಗಳ ಪರಂಪರೆಯಿಂದ ಬಂದ ಹಣ್ಣೂಟದ ವಿಧಿ 1753ರಲ್ಲಿ ವೆನಿಸ್‌ನಲ್ಲಿ ‘ಪೆರಿ ಏಟ್ಸ್ ಹಾದಾರ್’ ಎಂಬ ಪ್ರತ್ಯೇಕ ಪುಸ್ತಿಕೆಯಾಗಿ ಅಚ್ಚಾಯಿತು. ಹೊರಗೆ ಗಟ್ಟಿ ಸಿಪ್ಪೆಯುಳ್ಳ ಹಣ್ಣು, ಒಳಗೆ ಗಟ್ಟಿ ಬೀಜವುಳ್ಳ ಹಣ್ಣು, ಇಡಿಯಾಗಿ ತಿನ್ನಬಹುದಾದ ಹಣ್ಣು ಎಂದು ಮೂರು ಬಗೆ. ಜೊತೆಗೆ ನಾಲ್ಕು ಬಟ್ಟಲು ದ್ರಾಕ್ಷಾರಸ, ಮೊದಲನೆಯದು ಬಿಳಿ, ಕೊನೆಗೆ ಬರುವಾಗ ಕೆಂಪು. ನಮ್ಮ ನೆರೆಯ ಕೊಂಕಣದಲ್ಲೂ ಈ ದಿನಕ್ಕೆ ಬೇರುಗಳಿವೆ. ಅಲಿಬಾಗ್ ಕಡೆಯ ಬೆನೆ ಇಸ್ರೇಲ್ ಯಹೂದಿಗಳು ಪ್ರವಾದಿ ಎಲೀಯನ ನೆನಪಿನಲ್ಲಿ ಸಿಹಿ ಅವಲಕ್ಕಿ, ತೆಂಗಿನ ತುರಿ, ಹಣ್ಣುಗಳ ‘ಮಲಿದಾ’ ಮಾಡುತ್ತಾರೆ. ಟು ಬಿಶ್ವಾತ್ ದಿನ ಎಲೀಯ ಅವರ ಪೂರ್ವಜರಿಗೆ ಕಾಣಿಸಿಕೊಂಡನೆಂದು ನಂಬುವ ಖಂಡಾಲಾ ಎಂಬ ಹಳ್ಳಿಗೆ ಯಾತ್ರೆ ಹೋಗುತ್ತಾರೆ. ಅವಲಕ್ಕಿ ಬಟ್ಟಲಿನಿಂದ ಕಥೆ ಶುರುಮಾಡಿದರೆ ಕನ್ನಡ ಓದುಗರಿಗೆ ದಾರಿ ಸಲೀಸಾಗುತ್ತದೆ.

ಈ ದಿನದ ನೆಪದಲ್ಲಿ ಎಲ್ಲರೂ ಹೇಳುವ ಕಥೆ ಹೋನಿ ಎಂಬ ಹಳೆಯ ಕಾಲದ ವಿದ್ವಾಂಸನದು. ದಾರಿಯಲ್ಲಿ ಒಬ್ಬ ಮುದುಕ ಕ್ಯಾರೋಬ್ ಗಿಡ ನೆಡುತ್ತಿರುತ್ತಾನೆ. ಹುಣಸೆಯಂತೆ ಉದ್ದನೆಯ ಕಂದು ಕಾಯಿ ಬಿಡುವ ಮರ ಅದು. ಎಷ್ಟು ವರ್ಷಕ್ಕೆ ಫಲ ಎಂದು ಹೋನಿ ಕೇಳುತ್ತಾನೆ. ಎಪ್ಪತ್ತು ಎಂಬ ಉತ್ತರ ಬರುತ್ತದೆ. ನೀನು ಅಲ್ಲಿಯವರೆಗೆ ಇರುತ್ತೀಯಾ? ನಾನು ಹುಟ್ಟಿದಾಗ ಜಗತ್ತಿನಲ್ಲಿ ಕ್ಯಾರೋಬ್ ಇತ್ತು, ನನ್ನ ಹಿರಿಯರು ನನಗಾಗಿ ನೆಟ್ಟಂತೆ ನಾನು ಮಕ್ಕಳಿಗಾಗಿ ನೆಡುತ್ತೇನೆ. ಶಾಲೆಯ ವನಮಹೋತ್ಸವಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನೀವೂ ಇಲ್ಲೇ ನಿಲ್ಲಿಸಿರಬಹುದು. ದಯವಿಟ್ಟು ಮುಂದೆ ಓದಿ. ತಾಲ್ಮುದ್‌ನ ‘ತಾನಿತ್’ ಭಾಗದಲ್ಲಿ ಹೋನಿ ಅಲ್ಲೇ ಕುಳಿತು ಉಂಡು ಮಲಗುತ್ತಾನೆ, ಎಪ್ಪತ್ತು ವರ್ಷ ನಿದ್ದೆ ಹೋಗುತ್ತಾನೆ. ಎದ್ದಾಗ ಆ ಮುದುಕನ ಮೊಮ್ಮಗ ಕಾಯಿ ಕೀಳುತ್ತಿರುತ್ತಾನೆ. ಹೋನಿ ತನ್ನ ಮನೆಗೆ ಹೋಗುತ್ತಾನೆ, ಯಾರೂ ಗುರುತಿಸುವುದಿಲ್ಲ. ಪಾಠಶಾಲೆಗೆ ಹೋದರೆ ಅಲ್ಲಿ ವಿದ್ವಾಂಸರು ‘ಇಂದು ಈ ವಿಷಯ ಹೋನಿಯ ಕಾಲದಷ್ಟು ಸ್ಪಷ್ಟವಾಯಿತು’ ಎಂದು ಹೊಗಳುತ್ತಿರುತ್ತಾರೆ. ನಾನೇ ಹೋನಿ ಎಂದರೆ ನಂಬುವವರಿಲ್ಲ. ಅವನು ಮನನೊಂದು ಸಾವನ್ನು ಬೇಡುತ್ತಾನೆ, ಸಾಯುತ್ತಾನೆ. ಮರ ಮುಂದಿನ ತಲೆಮಾರಿಗೆ ದಾಟಿತು, ಮನುಷ್ಯನಿಗೆ ದಾಟಲಾಗಲಿಲ್ಲ. ನೆಟ್ಟವನ ಹೆಸರನ್ನಂತೂ ಕಥೆ ಹೇಳುವುದೇ ಇಲ್ಲ. ನೀವು ಬರೆಯಬೇಕಾದದ್ದು ಈ ಎರಡನೆಯ ಅರ್ಧವನ್ನು. ಮರ ನೆಡುವವರಿಗೆ ಧೈರ್ಯ ಹೇಳುವ ಕಥೆಯ ಒಡಲಲ್ಲೇ ಇಂಥ ದುಃಖವನ್ನು ಇಟ್ಟ ಆ ಹಳೆಯ ಕಥೆಗಾರರನ್ನು ನಾನು ಮನಸಾರೆ ಗೌರವಿಸುತ್ತೇನೆ.

ಈಗ ಯೋನನ ಬಳಿಗೆ ಬರೋಣ. ನಿಮ್ಮ ಸಂಕಲನಕ್ಕೆ ಒಂದೇ ಪಠ್ಯ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಸೂಚಿಸುತ್ತೇನೆ. ಕೇವಲ ನಾಲ್ಕು ಅಧ್ಯಾಯಗಳ ಈ ಗ್ರಂಥವನ್ನು ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನ ಮಧ್ಯಾಹ್ನ ಸಭಾಮಂದಿರಗಳಲ್ಲಿ ಓದುತ್ತಾರೆ. ಕೇಳುತ್ತಿರುವವರು ಹಿಂದಿನ ಸಂಜೆಯಿಂದ ಅನ್ನನೀರು ಮುಟ್ಟಿರುವುದಿಲ್ಲ. ಕಥೆಯಲ್ಲೂ, ನಾಶವಾಗುವೆ ಎಂಬ ಎಚ್ಚರಿಕೆಯನ್ನು ಪ್ರವಾದಿ ಯೋನನಿಂದ ಕೇಳಿದ ನಿನೆವೆ ನಗರ ಉಪವಾಸ ಕೂರುತ್ತದೆ, ಮನುಷ್ಯರಷ್ಟೇ ಅಲ್ಲ, ದನಕುರಿಗಳು ಕೂಡ. ಅವುಗಳಿಗೂ ಗೋಣಿತಟ್ಟು ಹೊದಿಸಬೇಕೆಂದು ಅರಸನ ಆಜ್ಞೆಯಾಗುತ್ತದೆ. ತಿಮಿಂಗಿಲದ ಚಿತ್ರ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟುಬಿಡಿ. ನಾಲ್ಕನೆಯ ಅಧ್ಯಾಯವನ್ನು ನಿಧಾನವಾಗಿ ಓದಿ.

ಜನ ಪಶ್ಚಾತ್ತಾಪಪಟ್ಟದ್ದರಿಂದ ನಗರ ನಾಶವಾಗಲಿಲ್ಲ ಎಂಬ ಸಿಟ್ಟಿನಲ್ಲಿ ಯೋನ ಊರ ಪೂರ್ವಕ್ಕೆ ಹೋಗಿ ಗುಡಿಸಲೊಂದನ್ನು ಕಟ್ಟಿ, ಏನಾಗುತ್ತದೋ ನೋಡೋಣವೆಂದು ಅದರ ನೆರಳಿನಲ್ಲಿ ಕೂರುತ್ತಾನೆ. ದೇವರು ಅವನ ತಲೆಯ ಮೇಲೆ ನೆರಳಾಗಲೆಂದು ಒಂದು ಗಿಡವನ್ನು ಬೆಳೆಸುತ್ತಾನೆ. ಯೋನನಿಗೆ ಬಹಳ ಸಂತೋಷವಾಗುತ್ತದೆ. ಇಡೀ ಗ್ರಂಥದಲ್ಲಿ ಅವನು ಸಂತೋಷಪಡುವುದು ಇದೊಂದೇ ಸಲ. ಮರುದಿನ ನಸುಕಿನಲ್ಲಿ ದೇವರು ಒಂದು ಹುಳುವನ್ನು ಕಳುಹಿಸುತ್ತಾನೆ, ಗಿಡ ಒಣಗುತ್ತದೆ. ಬಿಸಿಲೇರಿದಾಗ ಪೂರ್ವದ ಬಿಸಿಗಾಳಿ. ಸತ್ತರೆ ಸಾಕು ಎನ್ನುತ್ತಾನೆ ಯೋನ. ಆಗ ದೇವರ ಮಾತು: ನೀನು ದುಡಿಯದ, ನೀನು ಬೆಳೆಸದ, ಒಂದು ರಾತ್ರಿಯಲ್ಲಿ ಹುಟ್ಟಿ ಒಂದು ರಾತ್ರಿಯಲ್ಲಿ ಸತ್ತ ಗಿಡಕ್ಕಾಗಿ ಮರುಗುತ್ತೀಯೆ. ಎಡಗೈ ಬಲಗೈ ಅರಿಯದ 1,20,000ಕ್ಕೂ ಹೆಚ್ಚು ಜನ, ಬಹಳ ದನಕರುಗಳು ಇರುವ ಈ ಮಹಾನಗರಕ್ಕಾಗಿ ನಾನು ಮರುಗಬಾರದೆ?

ಗ್ರಂಥ ಇಲ್ಲಿಗೆ ಮುಗಿಯಿತು. ಪ್ರಶ್ನೆಯಲ್ಲಿ, ಅದೂ ದನಕರುಗಳ ಮೇಲೆ. ಯೋನ ಏನೆಂದ ಎಂಬುದು ನಮಗೆ ಸಿಗುವುದಿಲ್ಲ. ಇಷ್ಟು ಬಿಗಿಯಾದ ಮೌನದ ಮೇಲೆ ಜನರನ್ನು ಮನೆಗೆ ಕಳುಹಿಸುವುದು ಕಷ್ಟವೆನಿಸಿರಬೇಕು. ಸಭಾಮಂದಿರದಲ್ಲಿ ಇದರ ಬೆನ್ನಿಗೇ ಮೀಕನ ಗ್ರಂಥದಿಂದ ಕ್ಷಮೆಯ ಮೂರು ವಚನಗಳನ್ನು ಸೇರಿಸಿ ಓದುತ್ತಾರೆ. ನೀವು ಸೇರಿಸಬೇಡಿ. ನಿಮ್ಮ ಕಥೆಗಳು ಭಾಷಣವಾಗಿ ಮುಗಿಯುತ್ತವೆ ಎಂಬ ದೂರಿಗೆ ಮದ್ದು ಇದೇ ಅಧ್ಯಾಯದಲ್ಲಿದೆ: ಉತ್ತರವನ್ನು ಕೊಡಬೇಕಾದ ಪಾತ್ರದ ಬಾಯಿಂದ ಉತ್ತರ ಹೊರಡುವ ಮೊದಲೇ ಕಥೆಯನ್ನು ನಿಲ್ಲಿಸಿ.

ಆ ಗಿಡವನ್ನೂ ಹುಳುವನ್ನೂ ಇನ್ನಷ್ಟು ಹತ್ತಿರದಿಂದ ನೋಡಿ. ಅದು ಹರಳು ಗಿಡವೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಹರಳು ನಿಮಗೆ ಪರಿಚಿತ. ಅದು ಎಷ್ಟು ಬೇಗ ಎತ್ತರಕ್ಕೇರುತ್ತದೆ, ಅಂಗೈ ಅಗಲಿಸಿದ ಅದರ ಎಲೆ ಎಷ್ಟು ನೆರಳು ಕೊಡುತ್ತದೆ, ಕೊಂಡಲಿ ಹುಳು ಬಿದ್ದರೆ ದಂಟು ಮತ್ತು ನರ ಮಾತ್ರ ಉಳಿಯುವಂತೆ ಹೇಗೆ ಬೋಳಾಗುತ್ತದೆ ಎಂಬುದನ್ನು ಹಿತ್ತಿಲಲ್ಲೇ ಕಾಣಬಹುದು. ಎರಿ ರೇಷ್ಮೆ ಹುಳುವಿಗೂ ಹರಳೆಲೆಯೇ ಆಹಾರ. ಮೀನು, ಗಿಡ, ಹುಳು, ಗಾಳಿ ನಾಲ್ಕೂ ಹೇಳಿದ ಕೆಲಸವನ್ನು ತಕ್ಷಣ ಮಾಡಿ ಮುಗಿಸುತ್ತವೆ, ಪ್ರವಾದಿ ಒಬ್ಬ ಮಾತ್ರ ಹಟ ಹಿಡಿಯುತ್ತಾನೆ. ಹುಳುವಿನ ಕಡೆಯಿಂದ ಈ ಅಧ್ಯಾಯವನ್ನು ಬರೆದರೆ ಹೇಗಿರುತ್ತದೆ? ಅದಕ್ಕೆ ಯೋನ ಗೊತ್ತಿಲ್ಲ, ನಿನೆವೆ ಗೊತ್ತಿಲ್ಲ. ಎಲೆಯ ಅಂಚು ಗೊತ್ತು, ಇಬ್ಬನಿ ಆರುವ ಮೊದಲು ತಿನ್ನಬೇಕೆಂಬುದು ಗೊತ್ತು. ಅಲ್ಲಿಂದ ಶುರುಮಾಡಿ.

ಇನ್ನೊಂದು ದಾರಿ ಕತ್ತಲೆಯದು. ನಿನೆವೆಯ ಜನ ದನಕರುಗಳಿಗೆ ಮಾಡಿದ್ದನ್ನು ತಾಲ್ಮುದ್ ತನ್ನದೇ ರೀತಿಯಲ್ಲಿ ಕಲ್ಪಿಸಿಕೊಳ್ಳುತ್ತದೆ. ತಾಯಂದಿರನ್ನು ಒಂದೆಡೆ, ಮರಿಗಳನ್ನು ಇನ್ನೊಂದೆಡೆ ಕಟ್ಟಿಹಾಕಿ ‘ನೀನು ನಮಗೆ ಕರುಣೆ ತೋರದಿದ್ದರೆ ನಾವು ಇವುಗಳಿಗೆ ಕರುಣೆ ತೋರುವುದಿಲ್ಲ’ ಎಂದು ದೇವರಿಗೇ ಷರತ್ತು ಹಾಕಿದರಂತೆ. ಪಶ್ಚಾತ್ತಾಪದ ನಡುವೆಯೂ ಪ್ರಾಣಿಗಳನ್ನು ಒತ್ತೆಯಿಟ್ಟುಕೊಳ್ಳುವ ಮನುಷ್ಯ! ಇಂದಿನ ಹವಾಮಾನ ಸಂಕಟದ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಚುರುಕಾದ ದೃಶ್ಯ ಬೇಕಿಲ್ಲ. ಕರು ಅತ್ತ ಕೂಗುತ್ತಿದೆ, ಹಸು ಇತ್ತ ಹಗ್ಗ ಜಗ್ಗುತ್ತಿದೆ, ನಡುವೆ ಗೋಣಿತಟ್ಟು ಹೊದ್ದವರು ಪ್ರಾರ್ಥಿಸುತ್ತಿದ್ದಾರೆ. ಇದನ್ನು ಬರೆಯುವಾಗ ‘ಹವಾಮಾನ’ ಎಂಬ ಪದವನ್ನೇ ಬಳಸಬೇಡಿ.

ಹೀಗೆ ಪಠ್ಯ ಬಿಟ್ಟ ಬಿರುಕಿನಲ್ಲಿ ಕಥೆ ನೆಡುವುದಕ್ಕೆ ಆ ಪರಂಪರೆಯಲ್ಲೇ ಮಿದ್ರಾಶ್ ಎಂಬ ಹೆಸರಿದೆ. ಸುಮಾರು ಎರಡು ಸಾವಿರ ವರ್ಷಗಳಿಂದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಮಾಡಿಕೊಂಡು ಬಂದ ಕೆಲಸ ಇದು. ಆದ್ದರಿಂದ ಕಲ್ಪನೆಗೆ ಅವಕಾಶವಿದೆಯೇ ಎಂಬ ಅಳುಕು ಬೇಡ. ಬಿರುಕು ಎಲ್ಲಿದೆ ಎಂದು ಸರಿಯಾಗಿ ಗುರುತಿಸುವುದು ಮಾತ್ರ ನಿಮ್ಮ ಹೊಣೆ.

ಯೋಮ್ ಕಿಪ್ಪುರ್ ಕಳೆದು ಐದನೆಯ ದಿನಕ್ಕೆ ಸುಕ್ಕೋತ್. ಯೋನ ಕಟ್ಟಿದಂಥ ಗುಡಿಸಲನ್ನೇ ಈಗ ಎಲ್ಲರೂ ಕಟ್ಟುತ್ತಾರೆ. ಅದರ ಸೂರು ನೆಲದಲ್ಲಿ ಬೆಳೆದು ಕತ್ತರಿಸಿದ ಸೊಪ್ಪು ಗರಿಗಳದ್ದೇ ಆಗಿರಬೇಕು, ಬಿಸಿಲಿಗಿಂತ ನೆರಳು ಹೆಚ್ಚಿರಬೇಕು ಎಂಬುದು ನಿಯಮ. ಕೊಚ್ಚಿಯ ಯಹೂದಿಗಳು ತೆಂಗಿನ ಗರಿಯಿಂದಲೇ ಅದನ್ನು ಹೊದಿಸುತ್ತಿದ್ದರು. ಈ ವಾರದಲ್ಲಿ ಹೇಳುವ ‘ಹೋಶಾನಾ’ಗಳು, ಅಂದರೆ ‘ಕಾಪಾಡು’ ಎಂಬ ಮೊರೆಗಳು, ಕವಿತೆ ಬರೆಯುವ ನಿಮಗೆ ನಿಧಿಯಿದ್ದಂತೆ. ಅವುಗಳಲ್ಲಿ ಒಂದು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಸಾಗುತ್ತದೆ. ನೆಲವನ್ನು ಶಾಪದಿಂದ, ಪಶುವನ್ನು ಗರ್ಭಪಾತದಿಂದ, ಕಣವನ್ನು ಕೀಟದಿಂದ, ಧಾನ್ಯವನ್ನು ಸುಡುರೋಗದಿಂದ, ಆಲಿವ್ ಕಾಯಿಯನ್ನು ಉದುರುವುದರಿಂದ, ಗೋಧಿಯನ್ನು ಮಿಡತೆಯಿಂದ, ದ್ರಾಕ್ಷಿತೋಟವನ್ನು ಹುಳುವಿನಿಂದ ಕಾಪಾಡು ಎಂದು ಹೋಗುತ್ತದೆ. ಮಿಡತೆಯ ಬಗೆಗಳಿಗೇ ಹಲವು ಹೆಸರು. ಈ ಕೀಟಗಳ ನಡುವೆ ಎಲ್ಲೋ ಒಂದು ಕಡೆ ‘ಜೀವವನ್ನು ದಿಗಿಲಿನಿಂದ’ ಎಂಬ ತುಣುಕು ಬರುತ್ತದೆ. ಮನುಷ್ಯನ ಭಯಕ್ಕೆ ಬೆಳೆಗಳ ಸಾಲಿನಲ್ಲಿ ಒಂದು ಜಾಗ, ಅಷ್ಟೇ. ವಿವರಣೆ ಇಲ್ಲ, ವಿಶೇಷಣ ಇಲ್ಲ.

ಈ ಬಂಧವನ್ನು ಕನ್ನಡದ ಅಕ್ಷರಮಾಲೆಗೆ ತಂದು ನೋಡಿ. ನಿಮ್ಮ ಸೀಮೆಯ ಕಷ್ಟಗಳನ್ನೇ ಬಳಸಿ:

ಅಡಿಕೆಯನ್ನು ಕೊಳೆಯಿಂದ,
ಆಕಳನ್ನು ಕಾಲುಬಾಯಿ ಜ್ವರದಿಂದ,
ಇಳಿಜಾರನ್ನು ಕುಸಿತದಿಂದ,
ಏಲಕ್ಕಿಯನ್ನು ಕಟ್ಟೆರೋಗದಿಂದ,
ಒರತೆಯನ್ನು ಕೊಳವೆಬಾವಿಯಿಂದ,
ಕಾಫಿಯನ್ನು ಕಾಂಡಕೊರಕದಿಂದ,
ಜೇನನ್ನು ಸಿಂಪಡಣೆಯಿಂದ,
ತೆಂಗನ್ನು ನುಸಿಯಿಂದ,
ನಿದ್ದೆಯನ್ನು ಸಾಲದಿಂದ,
ಭತ್ತವನ್ನು ಬೆಂಕಿರೋಗದಿಂದ,
ಮೆಣಸನ್ನು ಸೊರಗುರೋಗದಿಂದ.

ಇದು ಮಾದರಿಗೆ ಬರೆದದ್ದು. ನಿಮ್ಮದು ಇದಕ್ಕಿಂತ ಎಷ್ಟೋ ಚೆನ್ನಾಗಿ ಬರುತ್ತದೆ, ಏಕೆಂದರೆ ರೋಗದ ಹೆಸರನ್ನು ನೀವು ಕೃಷಿ ಇಲಾಖೆಯ ಕೈಪಿಡಿಯಿಂದ ಹೆಕ್ಕಬೇಕಿಲ್ಲ, ಪಕ್ಕದ ತೋಟದವರ ಬಾಯಿಂದ ಕೇಳುತ್ತೀರಿ. ತರಗತಿಯಲ್ಲಿ ಮಕ್ಕಳಿಗೆ ಒಂದೊಂದು ಅಕ್ಷರ ಹಂಚಿಕೊಟ್ಟು, ಮನೆಯ ಹಿರಿಯರನ್ನು ಕೇಳಿ ಒಂದು ಸಾಲು ತನ್ನಿ ಎಂದು ಹೇಳಬಹುದು. ಒಂದೇ ಎಚ್ಚರಿಕೆ: ‘ಹೋಶಾನಾ’ ಎಂಬ ಮೊರೆಯನ್ನು ಪಲ್ಲವಿಯಾಗಿ ಎತ್ತಿಕೊಳ್ಳಬೇಡಿ. ಅದು ಇಂದಿಗೂ ಜೀವಂತವಾಗಿರುವ ಪ್ರಾರ್ಥನೆ. ಅದನ್ನು ಹೇಳುತ್ತಾ ಜನ ಪ್ರದಕ್ಷಿಣೆ ಹಾಕುತ್ತಾರೆ, ಏಳನೆಯ ದಿನ ಏಳು ಸುತ್ತು ಬಂದು ವಿಲ್ಲೋ ಕಡ್ಡಿಗಳನ್ನು ನೆಲಕ್ಕೆ ಬಡಿಯುತ್ತಾರೆ. ಬಂಧವನ್ನು ಕಲಿಯಿರಿ, ಮಂತ್ರವನ್ನು ಅವರಿಗೇ ಬಿಡಿ.

ಸುಕ್ಕೋತ್‌ನಲ್ಲಿ ಕೈಯಲ್ಲಿ ಹಿಡಿಯುವ ನಾಲ್ಕು ಸಸ್ಯಗಳೂ ಕಥೆಗೆ ಒಳ್ಳೆಯ ಸಾಮಗ್ರಿ. ಅವುಗಳಲ್ಲಿ ‘ಎತ್ರೋಗ್’ ಎಂದರೆ ನಮ್ಮ ಮಾದಲ ಹಣ್ಣಿನ ಜಾತಿಯೇ. ಹಿಮಾಲಯದ ತಪ್ಪಲಿನ ಕಡೆಯಿಂದ ಪಶ್ಚಿಮಕ್ಕೆ ಹೋದ ಹಣ್ಣು. ಅದಕ್ಕೆ ಕಲೆ ಇರಬಾರದೆಂಬ ಕಟ್ಟುನಿಟ್ಟಿನಿಂದಾಗಿ ಬೆಳೆಗಾರರು ಕೀಟನಾಶಕವನ್ನು ಧಾರಾಳವಾಗಿ ಬಳಸುವ ಸಮಸ್ಯೆ ಹುಟ್ಟಿದೆ. ನಾಲ್ಕರಲ್ಲಿ ಇನ್ನೊಂದಾದ ಖರ್ಜೂರದ ಎಳೆಗರಿಗಳಲ್ಲಿ ದೊಡ್ಡ ಪಾಲು ಈಜಿಪ್ಟಿನ ಎಲ್ ಅರೀಶ್ ಕಡೆಯಿಂದ ಬರುತ್ತಿತ್ತು. ಸುಳಿಗರಿ ಕತ್ತರಿಸುವುದರಿಂದ ಮರಗಳಿಗೆ ಹಾನಿಯೆಂದು 2005ರಲ್ಲಿ ಈಜಿಪ್ಟ್ ರಫ್ತಿಗೆ ಮಿತಿ ಹಾಕಿದಾಗ ಹಬ್ಬದ ಮಾರುಕಟ್ಟೆಯಲ್ಲಿ ಗರಿಗೆ ಪರದಾಟವಾಯಿತು. ಮರ ಹತ್ತಿ ಸುಳಿಗೆ ಕತ್ತಿ ಇಡುವವನ ಕಣ್ಣಿನಿಂದ ಈ ಹಬ್ಬವನ್ನು ನೋಡುವ ಕಥೆ ಬರೆದರೆ ಖಂಡಿತ ಓದಬೇಕೆನಿಸುತ್ತದೆ. ಅಡಿಕೆ ಕೊನೆಗಾರರನ್ನು ದಿನವೂ ಕಾಣುವ ನಿಮಗೆ ಆ ಮೈಮನಸ್ಸು ಹೊಸದೇನಲ್ಲ.

ನನಗೆ ಬಹಳ ಪ್ರಿಯವಾದ ಪಠ್ಯವೊಂದನ್ನು ಇಲ್ಲಿ ಹೇಳಲೇಬೇಕು. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ಏಳನೆಯ ವರ್ಷ ಹೊಲಕ್ಕೆ ವಿಶ್ರಾಂತಿ. ಅದರ ಹೆಸರು ಶ್ಮಿತಾ. ಬಿತ್ತುವಂತಿಲ್ಲ, ತಾನಾಗಿ ಬೆಳೆದದ್ದು ಒಡೆಯನಿಗೂ ಆಳಿಗೂ ಪರದೇಶಿಗೂ ದನಕ್ಕೂ ಕಾಡುಮೃಗಕ್ಕೂ ಸೇರಿದ್ದು. ಆ ವರ್ಷ ಮುಗಿದ ಮೇಲಿನ ಸುಕ್ಕೋತ್‌ನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ಸೇರಿಸಿ ಧರ್ಮಶಾಸ್ತ್ರ ಓದಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಕಳೆದ ಶ್ಮಿತಾ ವರ್ಷ 2021-22ರಲ್ಲಿ ಬಂದಿತ್ತು, ಮುಂದಿನದು 2028-29ಕ್ಕೆ. ಇಷ್ಟನ್ನು ಅನೇಕರು ಬರೆದಿದ್ದಾರೆ. ಇದರೊಳಗಿನ ಇನ್ನೊಂದು ನಿಯಮವನ್ನು ಕಥೆಗಾರರು ಅಷ್ಟಾಗಿ ಮುಟ್ಟುವುದಿಲ್ಲ. ಆ ವರ್ಷದ ಹಣ್ಣನ್ನು ಮನೆಯಲ್ಲಿ ಕೂಡಿಡಬಹುದು, ಆದರೆ ಹೊಲದಲ್ಲಿ ಕಾಡುಪ್ರಾಣಿಗಳಿಗೆ ಅದೇ ಹಣ್ಣು ಸಿಗುತ್ತಿರುವವರೆಗೆ ಮಾತ್ರ. ಹೊರಗೆ ಮೃಗಕ್ಕೆ ಮುಗಿದರೆ ಒಳಗೆ ನಿಮಗೂ ಮುಗಿಯಿತು. ಕೂಡಿಟ್ಟದ್ದನ್ನು ಹೊರಗೆ ತಂದು ಹಂಚಬೇಕು. ಇದಕ್ಕಾಗಿ ಮಿಷ್ನಾ ನಾಡನ್ನು ಯೂದಾಯ, ಗಲಿಲಾಯ, ಯೊರ್ದಾನಿನ ಆಚೆ ಎಂದು ಮೂರಾಗಿಯೂ, ಒಂದೊಂದನ್ನು ಬೆಟ್ಟ, ತಗ್ಗುನಾಡು, ಕಣಿವೆ ಎಂದು ಮತ್ತೆ ಮೂರಾಗಿಯೂ ವಿಂಗಡಿಸುತ್ತದೆ. ಬೆಟ್ಟದ ಅಂಜೂರ ಮುಗಿಯುವ ಕಾಲ ಕಣಿವೆಯದಲ್ಲ ಎಂಬುದನ್ನು ಶಾಸ್ತ್ರ ಬರೆದವರು ಬಲ್ಲವರಾಗಿದ್ದರು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಲಿಲಾಯದ ಬೆಟ್ಟದ ಇಳಿಜಾರು, ಉಗ್ರಾಣದಲ್ಲಿ ಮಣ್ಣಿನ ಗಡಿಗೆ, ಅದರಲ್ಲಿ ಒಣ ಅಂಜೂರ. ಸೊಸೆ ಬಸುರಿ. ಅಜ್ಜಿ ದಿನವೂ ಮೊಮ್ಮಗನನ್ನು ಹೊಲಕ್ಕೆ ಕಳುಹಿಸುತ್ತಾಳೆ, ನರಿಯ ಹಿಕ್ಕೆಯಲ್ಲಿ ಅಂಜೂರದ ಬೀಜ ಇನ್ನೂ ಕಾಣುತ್ತಿದೆಯೇ ನೋಡಿಕೊಂಡು ಬಾ ಎಂದು. ಒಂದು ದಿನ ಹುಡುಗ ಬೀಜ ಕಾಣದೆ ಹಿಂದಿರುಗುತ್ತಾನೆ. ಅಂಗಳದಲ್ಲಿ ನಿಂತು ಏನು ಹೇಳಬೇಕೆಂದು ಯೋಚಿಸುತ್ತಾನೆ. ಇಲ್ಲಿ ಪರಿಸರ ಎಂಬ ಪದ ಬಂದಿಲ್ಲ, ಮರ ಉಳಿಸಿ ಎಂದು ಯಾರೂ ಕೂಗಿಲ್ಲ. ಒಂದು ಮನೆಯ ಹಸಿವನ್ನು ಹೊರಗಿನ ನರಿಯ ಹಸಿವಿಗೆ ಕಟ್ಟಿಹಾಕಿದ ಕಾನೂನು ಮಾತ್ರ ಇದೆ. ಹುಡುಗ ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ನೀವೇ ತೀರ್ಮಾನಿಸಿ.

ಮಳೆಯ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ಅಂಚಿನಲ್ಲಿ ಕುಳಿತು ಬರೆಯುವ ನೀವು ಇಲ್ಲಿ ಎಡವುವ ಸಾಧ್ಯತೆ ಹೆಚ್ಚು. ಇಸ್ರೇಲಿನಲ್ಲಿ ಮಳೆ ಚಳಿಗಾಲದ್ದು. ಸುಕ್ಕೋತ್ ಮುಗಿಯುವ ಹೊತ್ತಿಗೆ ಪ್ರಾರ್ಥನೆಯಲ್ಲಿ ಮಳೆಯ ಸ್ಮರಣೆ ಆರಂಭವಾಗುತ್ತದೆ, ವಸಂತದ ಪೆಸಾಹ್ ಹಬ್ಬಕ್ಕೆ ನಿಂತು ಇಬ್ಬನಿಯ ಪ್ರಾರ್ಥನೆ ಬರುತ್ತದೆ. ಪೆಸಾಹ್‌ನಲ್ಲಿ ಓದುವ ಪರಮಗೀತೆಯ ‘ಮಳೆ ನಿಂತುಹೋಯಿತು, ಹೂಗಳು ನೆಲದಲ್ಲಿ ಕಾಣಿಸಿದವು’ ಎಂಬ ಮಾತು ಆ ಏಪ್ರಿಲಿನದು. ಅದನ್ನು ನಮ್ಮ ಶ್ರಾವಣಕ್ಕೆ ಹೊಂದಿಸಿದರೆ ಅರ್ಥ ಕೆಡುತ್ತದೆ. ಮಳೆಯನ್ನು ಎಂದು ಬೇಡಬೇಕು ಎಂಬುದರಲ್ಲೂ ಎಷ್ಟು ದಾಕ್ಷಿಣ್ಯವಿದೆ ನೋಡಿ. ಹಬ್ಬ ಮುಗಿದು ಹದಿನೈದು ದಿನ ಕಾಯೋಣ, ಯಾತ್ರೆಗೆ ಬಂದವರಲ್ಲಿ ಕಟ್ಟಕಡೆಯವನು ಯೂಫ್ರೆಟಿಸ್ ನದಿ ಮುಟ್ಟಿಕೊಳ್ಳಲಿ ಎಂದು ರಬ್ಬಾನ್ ಗಮ್ಲಿಯೇಲ್ ಹೇಳುತ್ತಾರೆ. ದಾರಿಯಲ್ಲಿರುವ ಒಬ್ಬ ಅಪರಿಚಿತ ನೆನೆಯಬಾರದೆಂದು ಇಡೀ ನಾಡು ತನ್ನ ಬೇಡಿಕೆಯನ್ನು ತಡೆಹಿಡಿಯುತ್ತದೆ.

ತಾಲ್ಮುದ್‌ನಲ್ಲಿ ಇನ್ನೊಂದು ಪುಟ್ಟ ಪ್ರಸಂಗ ಇದೆ. ನಿನೆವೆಯ ಯಹೂದಿಗಳು, ಹೌದು, ಅದೇ ನಿನೆವೆ, ಮಿಷ್ನಾ ಸಂಕಲಿಸಿದ ರಬ್ಬಿ ಯೆಹೂದಾ ಹನಾಸಿಗೆ ಹೇಳಿಕಳುಹಿಸುತ್ತಾರೆ: ನಮಗೆ ತಮ್ಮೂಜ್ ತಿಂಗಳಲ್ಲೂ ಮಳೆ ಬೇಕು, ನಾವೇನು ಮಾಡಬೇಕು? ತಮ್ಮೂಜ್ ಎಂದರೆ ನಡುಬೇಸಿಗೆ, ಜೂನ್-ಜುಲೈ. ಸಾಮೂಹಿಕ ಪ್ರಾರ್ಥನೆಯ ಮಳೆಯ ಭಾಗದಲ್ಲಿ ಬೇಡ, ಒಬ್ಬೊಬ್ಬರಾಗಿ, ಮೊರೆ ಕೇಳುವವನನ್ನು ಸ್ತುತಿಸುವ ಭಾಗದಲ್ಲಿ ಕೇಳಿಕೊಳ್ಳಿ ಎಂಬ ಉತ್ತರ ಬರುತ್ತದೆ. ಆ ಚರ್ಚೆಯಲ್ಲೇ ಇನ್ನೊಬ್ಬರ ಮಾತು ದಾಖಲಾಗಿದೆ: ಎಲ್ಲವೂ ವರ್ಷಕ್ಕೆ, ಸ್ಥಳಕ್ಕೆ, ಕಾಲಕ್ಕೆ ತಕ್ಕಂತೆ.

ಇದಕ್ಕೆ ನಮ್ಮ ಕರಾವಳಿಯ ಒಂದು ನಿಜವಾದ ಕೊಂಡಿ ಇದೆ. ಟ್ಯುನೀಷಿಯಾ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿದ್ದ. ಕಂಚಿನ ಕಾರ್ಖಾನೆ ನಡೆಸಿದ, ಅಡಿಕೆ, ಮೆಣಸು, ಏಲಕ್ಕಿ ಕಳುಹಿಸಿದ. ಅಶು ಎಂಬ ಸ್ಥಳೀಯ ಹೆಂಗಸಿಗೆ ದಾಸ್ಯದಿಂದ ಬಿಡುಗಡೆ ಕೊಟ್ಟು ಸಂಸಾರ ಹೂಡಿದ. ಬೊಮ್ಮ ಎಂಬ ಆಳು ಅವನ ವ್ಯವಹಾರಕ್ಕಾಗಿ ಏಡನ್‌ವರೆಗೆ ಹೋಗಿ ಬಂದ. ಇವೆಲ್ಲ ಕೈರೋದ ಸಭಾಮಂದಿರದ ಕೋಣೆಯಲ್ಲಿ ಸಿಕ್ಕ ಪತ್ರಗಳಿಂದ ತಿಳಿದದ್ದು. ಈಗ ಯೋಚಿಸಿ. ಮುಂಗಾರು ಮಂಗಳೂರನ್ನು ತೊಯ್ಯಿಸಿ ಹಿಂದೆ ಸರಿದ ಮೇಲೆ ಅವನ ಪಂಚಾಂಗ ‘ಮಳೆ ಕೊಡು’ ಎನ್ನಲು ಹೇಳುತ್ತದೆ. ಆಷಾಢದಲ್ಲಿ ಸೂರು ಹಾರುವ ಮಳೆ ಬರುವಾಗ ಪ್ರಾರ್ಥನೆಯಲ್ಲಿ ಮಳೆಯ ಮಾತೇ ಇಲ್ಲ. ಅಶು ಇದನ್ನು ನೋಡಿ ಏನು ಕೇಳಿದಳು? ಈ ಕಥೆಯನ್ನು ಬರೆಯಲು ಕನ್ನಡ, ತುಳು ಬಲ್ಲವರಿಗೇ ಹೆಚ್ಚಿನ ಹಕ್ಕು ಇದೆ ಎಂದು ನನಗೆ ಅನಿಸುತ್ತದೆ.

ಸರಿಯೇ ಎಂಬ ನಿಮ್ಮ ಪ್ರಶ್ನೆಗೆ ಬಾಕಿ ಉಳಿದ ಉತ್ತರ ಇದು. ಓದುಗರಾಗಿ ಬರೆಯಿರಿ, ಒಳಗಿನವರಂತೆ ವೇಷ ಹಾಕಬೇಡಿ. ‘ಇದು ಅವರ ಸಂಕ್ರಾಂತಿ’ ಎಂಬ ಸುಲಭದ ಹೋಲಿಕೆಯಿಂದ ದೂರವಿರಿ. ಮರ ನೆಡುವುದನ್ನು ಶುದ್ಧ ಪುಣ್ಯವೆಂದೂ ಚಿತ್ರಿಸಬೇಡಿ. 1890ರಲ್ಲಿ ಜಿಕ್ರೋನ್ ಯಾಕೋವ್ ಎಂಬ ವಸಾಹತಿನ ಶಿಕ್ಷಕರೊಬ್ಬರು ಟು ಬಿಶ್ವಾತ್ ದಿನ ಮಕ್ಕಳನ್ನು ಗಿಡ ನೆಡಲು ಕರೆದೊಯ್ದರು. ಅಲ್ಲಿಂದ ಬೆಳೆದ ಸಂಪ್ರದಾಯ ಮುಂದೆ ಪೈನ್ ಮರಗಳ ಏಕಬೆಳೆಯ ಕಾಡುಗಳನ್ನೂ ಕೊಟ್ಟಿತು. ಅಂಥ ಕೆಲವು ಕಾಡುಗಳ ಅಡಿಯಲ್ಲಿ 1948ರಲ್ಲಿ ಖಾಲಿಯಾದ ಪ್ಯಾಲೆಸ್ತೀನಿ ಹಳ್ಳಿಗಳ ಅವಶೇಷಗಳಿವೆ. 2010ರ ಡಿಸೆಂಬರಿನಲ್ಲಿ ಕಾರ್ಮೆಲ್ ಬೆಟ್ಟದ ಬೆಂಕಿಗೆ 44 ಜನ ಬಲಿಯಾದರು. 2022ರ ಜನವರಿಯಲ್ಲಿ, ಟು ಬಿಶ್ವಾತ್ ಹೊಸ್ತಿಲಲ್ಲೇ, ದಕ್ಷಿಣ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಗಿಡ ನೆಡುವುದನ್ನು ವಿರೋಧಿಸಿ ಬೆಡೂಯಿನ್ ಜನ ಬೀದಿಗಿಳಿದರು. ಕೋಲಾರದ ನೀಲಗಿರಿ ತೋಪುಗಳನ್ನು ಕಂಡ ನಮಗೆ, ನೆಟ್ಟದ್ದೆಲ್ಲ ಕಾಡಲ್ಲ ಎಂಬುದು ಬೇರೆಯವರು ಹೇಳಿ ತಿಳಿಯಬೇಕಾದ ಸಂಗತಿಯಲ್ಲ.

ಅಂತರಜಾಲದಲ್ಲಿ ‘ತಾಲ್ಮುದ್ ಹೇಳುತ್ತದೆ’ ಎಂದು ಓಡಾಡುವ ಚಂದದ ಮಾತುಗಳನ್ನು ಮೂಲ ನೋಡದೆ ಎತ್ತಿಕೊಳ್ಳಬೇಡಿ. ಪ್ರತಿ ಹುಲ್ಲುಗರಿಯ ಮೇಲೂ ದೇವದೂತನೊಬ್ಬ ಬಾಗಿ ‘ಬೆಳೆ, ಬೆಳೆ’ ಎಂದು ಪಿಸುಗುಡುತ್ತಾನೆ ಎಂಬುದನ್ನು ನೀವೂ ಓದಿರುತ್ತೀರಿ. ಅದು ತಾಲ್ಮುದ್‌ನದಲ್ಲ. ಆದಿಕಾಂಡದ ಮೇಲಿನ ಹಳೆಯ ಮಿದ್ರಾಶ್‌ನಲ್ಲಿ ಇರುವುದು ಹೀಗೆ: ಆಕಾಶದಲ್ಲಿ ತನ್ನದೊಂದು ನಕ್ಷತ್ರವಿಲ್ಲದ ಹುಲ್ಲಿಲ್ಲ, ಅದು ಹುಲ್ಲಿಗೆ ಹೊಡೆದು ‘ಬೆಳೆ’ ಎನ್ನುತ್ತದೆ. ಪಿಸುಮಾತು ಇಲ್ಲ, ಏಟು ಇದೆ. ಮೂಲ ಎಷ್ಟು ಒರಟು, ಎಷ್ಟು ಜೀವಂತ!

ಕೆಲಸದ ಮಾತು ಇಷ್ಟು. ಮೊದಲು ಅಂಜೂರದ ಕಥೆ ಬರೆಯಿರಿ, ಅದರಲ್ಲಿ ಭಾಷಣಕ್ಕೆ ಜಾಗ ಕಡಿಮೆ. ಆಮೇಲೆ ಅಕ್ಷರಮಾಲೆಯ ಕವಿತೆ. ಯೋನನನ್ನು ಕೊನೆಗಿಡಿ, ಏಕೆಂದರೆ ಅಲ್ಲಿ ನಿಲ್ಲಿಸುವ ಜಾಗವನ್ನು ಪಠ್ಯವೇ ತೋರಿಸಿರುವುದರಿಂದ ಅದನ್ನು ಮೀರದಿರಲು ಕೈ ಪಳಗಿರಬೇಕು. ಪ್ರತಿ ರಚನೆಯ ಕೆಳಗೆ ಯಾವ ಹಬ್ಬ, ಯಾವ ಪಠ್ಯ ಎಂದು ಒಂದು ಸಾಲು ಹಾಕಿ, ಪದಕೋಶ ಬೇಕಿಲ್ಲ. ಬರೆದಾದ ಮೇಲೆ ಯಹೂದಿ ಪರಂಪರೆ ಬಲ್ಲ ಒಬ್ಬರಿಗಾದರೂ ತೋರಿಸಿ. ತೋಟದ ವಿವರಗಳಿಗೆ, ಹರಳು ಗಿಡಕ್ಕೆ, ಕೊಂಡಲಿ ಹುಳುವಿಗೆ ನಿಮ್ಮ ಊರಿನ ಬೆಳೆಗಾರರೇ ಪರೀಕ್ಷಕರಾಗಲಿ.